ಬಿಸಿಲಿಗೆ ಬೆಳ್ಳಗಾದ ಫೋಟೋ: ದೋಷ ಎಲ್ಲಿದೆ, ಸರಿ ಮಾಡುವುದು ಹೇಗೆ

ಎಳ್ಳ ಅಮಾವಾಸ್ಯೆ ಮುಗಿದ ವಾರ ಕಲಬುರಗಿ ಕಡೆ ಹೆಚ್ಚುಕಮ್ಮಿ ಎಲ್ಲರ ಫೋನಿನಲ್ಲೂ ಒಂದೇ ಥರದ ಫೋಟೋ ಇರುತ್ತವೆ. ಹೊಲದಲ್ಲಿ ಚರಗ ಚೆಲ್ಲುವುದು, ಭಜ್ಜಿ ಮತ್ತು ಸಜ್ಜೆ ರೊಟ್ಟಿಯ ಊಟ, ಜೋಳದ ಸಾಲಿನ ಮುಂದೆ ನಿಂತ ಮನೆಮಂದಿ. ಬೆಳೆ ಚೆನ್ನಾಗಿ ಬಂದಿರುತ್ತದೆ, ನೆಲವೂ ಚೆನ್ನಾಗಿ ಬಂದಿರುತ್ತದೆ. ಅಜ್ಜನ ಮುಖ ಮತ್ತು ಧೋತರ ಮಾತ್ರ ಬರೀ ಬಿಳಿ. "ಕಾಕಾ, ಅಜ್ಜನ ಮಾರಿನೇ ಕಾಣವಲ್ದು, ಇದನ್ನ ಸರಿ ಮಾಡ್ಲಾಕ ಬರ್ತದೇನ್ರಿ?" ಎಂದು ಫೋನ್ ಮುಂದೆ ಹಿಡಿಯುತ್ತಾರೆ.

ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಯಾವುದು ಬರುತ್ತದೆ ಅಂತ ಮೊದಲೇ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಜಾಸ್ತಿ ಜನ ಮಾಡುವುದೇನೆಂದರೆ, ಆಪ್ ತೆರೆದು ಕೈಗೆ ಸಿಕ್ಕ ಸ್ಲೈಡರನ್ನೆಲ್ಲ ಎಳೆಯುವುದು. ಬೆಳ್ಳಗೆ ಕಾಣುವ ಫೋಟೋಗಳಿಗೆಲ್ಲ ಕಾರಣ ಒಂದೇ ಇರುವುದಿಲ್ಲ. ಕಾರಣ ಬೇರೆ ಆದರೆ ಮದ್ದೂ ಬೇರೆ.

ಮೊದಲು ಮೂಲ ಫೈಲ್ ಹುಡುಕಿ

ವಾಟ್ಸಾಪ್‌ನಲ್ಲಿ ಬಂದ ಫೋಟೋ ಇಟ್ಟುಕೊಂಡು ರಿಪೇರಿಗೆ ಕೂರಬೇಡಿ. ಅಲ್ಲಿ ಫೋಟೋ ಕಳಿಸಿದಾಗ ಅದು ಕುಗ್ಗುತ್ತದೆ, ಬೆಳಕಿನ ಜಾಗದ ಸಣ್ಣ ವ್ಯತ್ಯಾಸಗಳು ಅಲ್ಲೇ ಅಳಿಸಿಹೋಗುತ್ತವೆ. ಅಂಥದ್ದನ್ನು ಕತ್ತಲು ಮಾಡಿದರೆ ಕೆನ್ನೆಯ ಮೇಲೆ ಚೌಕ ಚೌಕ ಕಲೆ ಏಳುತ್ತವೆ. ಫೋಟೋ ತೆಗೆದವರಿಗೆ ಹೇಳಿ, ಅದನ್ನು 'ಡಾಕ್ಯುಮೆಂಟ್' ಎಂದು ಕಳಿಸಲಿ. ಆಗ ಮೂಲ ಫೈಲ್ ಇದ್ದಂತೆಯೇ ಬರುತ್ತದೆ. ಬಂದ ಕೂಡಲೇ ಒಂದು ನಕಲು ಮಾಡಿ, ನಕಲಿನ ಮೇಲೆ ಕೆಲಸ ಮಾಡಿ.

ಇನ್ನೊಂದು ಮಾತು. ಬಿಸಿಲಲ್ಲಿ ನಿಂತು ಫೋನಿನ ಪರದೆ ನೋಡಿ ತೀರ್ಮಾನ ಮಾಡಬೇಡಿ. ಹೊರಗೆ ಪರದೆ ಮಂಕಾಗಿ ಕಾಣುತ್ತದೆ. ಅದಕ್ಕೇ ಎಷ್ಟೋ ಜನ 'ಫೋಟೋ ಕತ್ತಲಾಗಿದೆ' ಅಂದುಕೊಂಡು ಬೆಳಕು ಏರಿಸಿ ತೆಗೆಯುತ್ತಾರೆ. ಮನೆಗೆ ಬಂದು ನೋಡಿದರೆ ಎಲ್ಲ ಬೆಳ್ಳಗೆ. ನೆರಳಿಗೆ ಬಂದು, ಪರದೆಯ ಬೆಳಕನ್ನು ಮಧ್ಯಕ್ಕೆ ಇಟ್ಟು ನೋಡಿ.

ನಿಜವಾಗಿ ಸುಟ್ಟಿದೆಯಾ, ಇಲ್ಲವಾ?

ಜೆಪೆಗ್ ಫೋಟೋದಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ ಇರುತ್ತವೆ. ಒಂದೊಂದೂ 0 ರಿಂದ 255ರ ಒಳಗೆ. ಮೂರೂ 255 ಮುಟ್ಟಿದರೆ ಅಲ್ಲಿ ಬರೀ ಬಿಳಿ. ಪಕ್ಕದ ಚುಕ್ಕೆಗೂ 255 ಇದ್ದರೆ ಎರಡರ ನಡುವೆ ಏನಿತ್ತು ಎನ್ನುವುದು ಫೈಲಿನಲ್ಲೇ ಇಲ್ಲ. ಯಾವ ಆಪ್ ಕೂಡ ಅದನ್ನು ವಾಪಸ್ ತರಲಾರದು. ಸುಟ್ಟಿದೆ ಎನ್ನುವುದು ಇದಕ್ಕೇ. ಆದರೆ 240, 248, 252 ಎಂದು ಅಂಕಿ ಬೇರೆ ಬೇರೆ ಇದ್ದರೆ ಕಣ್ಣಿಗೆ ಬಿಳಿ ಅನ್ನಿಸಿದರೂ ಒಳಗೆ ಜೀವ ಇದೆ.

ತಿಳಿಯುವುದು ಸುಲಭ. ಎಡಿಟ್ ತೆರೆದು ಎಕ್ಸ್‌ಪೋಜರನ್ನು (ಇಡೀ ಫೋಟೋದ ಬೆಳಕಿನ ಸ್ಲೈಡರ್) ಪೂರ್ತಿ ಕೆಳಗೆ ಎಳೆಯಿರಿ. ಫೋಟೋ ಕತ್ತಲಾಗಲಿ, ಪರವಾಗಿಲ್ಲ. ಈಗ ಹಣೆ ನೋಡಿ. ನಮ್ಮ ಕಡೆಯ ಹಿರಿಯರ ಹಣೆಯಲ್ಲಿ ವಿಭೂತಿ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಗುರುತು ಬೇಡ. ಮೂರು ಗೆರೆ ಚರ್ಮದಿಂದ ಬೇರೆಯಾಗಿ ಎದ್ದು ಬಂದರೆ ಮುಖ ಉಳಿದಿದೆ, ಧೈರ್ಯವಾಗಿ ಕೆಲಸ ಶುರು ಮಾಡಿ. ಗೆರೆಯೂ ಹಣೆಯೂ ಸೇರಿ ಒಂದೇ ಬೂದು ಹಲಗೆಯಾದರೆ ಅಲ್ಲಿ ಮಾಹಿತಿ ಸತ್ತಿದೆ. ಧೋತರಕ್ಕೆ ನಿರಿಗೆ ನೋಡಿ, ಸೀರೆಗೆ ಅಂಚಿನ ನೇಯ್ಗೆ ನೋಡಿ, ಗೋಡೆಗೆ ಸುಣ್ಣದ ಬಿರುಕು ನೋಡಿ.

ಹಿಸ್ಟೋಗ್ರಾಮ್ ಇದ್ದರೆ ಅದೂ ಇದನ್ನೇ ಹೇಳುತ್ತದೆ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಇಟ್ಟು, ಯಾವ ಬೆಳಕಿನ ಚುಕ್ಕೆ ಎಷ್ಟಿವೆ ಎಂದು ತೋರಿಸುವ ನಕ್ಷೆ ಅದು. ಕಣದಲ್ಲಿ ಜೋಳದ ರಾಶಿ ಹಾಕಿದಂತೆ ಅದೊಂದು ಗುಡ್ಡೆ. ಬಲಗಡೆ ಇಳಿಜಾರಾಗಿ ಮುಗಿದರೆ ಫೋಟೋ ಕ್ಷೇಮ, ಬಲಗೋಡೆಗೆ ಒತ್ತಿಕೊಂಡು ನೆಟ್ಟಗೆ ನಿಂತರೆ ಅಷ್ಟು ಭಾಗ ಸುಟ್ಟಿದೆ. ಕ್ಯಾಮೆರಾದಲ್ಲಿ ಹೈಲೈಟ್ ಅಲರ್ಟ್ ಹಾಕಿಟ್ಟರೆ ಸುಟ್ಟ ಜಾಗ ಮಿಣುಕುತ್ತದೆ.

ಮಿಣುಕಿದ್ದನ್ನೆಲ್ಲ ನೋಡಿ ಗಾಬರಿಯಾಗಬೇಡಿ. ಆಕಾಶ ಮಿಣುಕಿದರೆ ಮಿಣುಕಲಿ. ಮಾರ್ಚ್ ದಾಟಿದ ಮೇಲೆ ಇಲ್ಲಿನ ಮಧ್ಯಾಹ್ನದ ಆಕಾಶದಲ್ಲಿ ನೀಲಿ ಎನ್ನುವುದೇ ಕಡಿಮೆ, ಬರೀ ಧೂಳಿನ ಬೆಳ್ಳಿ ಬಣ್ಣ. ಮನೆಮಂದಿಯ ಫೋಟೋದಲ್ಲಿ ಆಕಾಶ ಬಿಳಿಯಾದರೆ ಏನೂ ಕಳೆಯುವುದಿಲ್ಲ. ಹಣೆ ಬಿಳಿಯಾದರೆ ಫೋಟೋನೇ ಹೋಯಿತು. ನನ್ನ ಲೆಕ್ಕದಲ್ಲಿ ಮುಖ ಮೊದಲು, ಬಟ್ಟೆ ಆಮೇಲೆ, ಆಕಾಶ ಕೊನೆಗೆ.

ಹಿನ್ನೆಲೆ ಸರಿ, ಮುಖ ಮಾತ್ರ ಬಿಳಿ: ಮೀಟರ್ ಮೋಸ ಹೋಗಿದೆ

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ಇದರ ಬೇರು ನಮ್ಮ ನೆಲದಲ್ಲೇ ಇದೆ.

ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಎದುರಿಗೆ ಇರುವುದು ಎಮ್ಮೆಯೋ ಸುಣ್ಣದ ಗೋಡೆಯೋ ಗೊತ್ತಿಲ್ಲ. ತನ್ನ ಕಣ್ಣಿಗೆ ಬಿದ್ದದ್ದನ್ನೆಲ್ಲ ಸರಾಸರಿ ಮಾಡಿ ನಡುಮಧ್ಯದ ಬೂದು ಬಣ್ಣಕ್ಕೆ ತರಬೇಕು ಎನ್ನುವುದೊಂದೇ ಅದರ ಲೆಕ್ಕ. ಈಗ ಎರೆ ಹೊಲ ಯೋಚಿಸಿ. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪು ಮಣ್ಣು. ಮೀಟರ್ 'ಬೆಳಕು ಸಾಲದು' ಎಂದು ತಿಳಿದು ಏರಿಸುತ್ತದೆ. ಕಪ್ಪು ಮಣ್ಣು ಬೂದಾಗುತ್ತದೆ, ಅದರ ಮೇಲೆ ಬಿಳಿ ಧೋತರ ಉಟ್ಟು ನಿಂತ ಅಜ್ಜ ಸುಟ್ಟುಹೋಗುತ್ತಾರೆ. ಫೋಟೋದಲ್ಲಿ ಎರೆಮಣ್ಣು ಕಪ್ಪಾಗಿ ಕಾಣದೆ ಬೂದಿಯಂತೆ ಕಂಡರೆ ಇದೇ ದೋಷ ಎಂದು ಖಾತ್ರಿ ಮಾಡಿಕೊಳ್ಳಿ.

ಬಿದ್ರಿ ಸಾಮಾನಿನ ಫೋಟೋಗೂ ಇದೇ ಆಗುತ್ತದೆ. ಬೀದರ್‌ನಲ್ಲಿ ಅಂಗಡಿಯ ಹೊರಗೆ ಬಿಸಿಲಲ್ಲಿ ಹೂಜಿ ಇಟ್ಟು ತೆಗೆದರೆ ಸತುವಿನ ಕಪ್ಪು ಮೈ ಬೂದಾಗುತ್ತದೆ, ಬೆಳ್ಳಿಯ ಎಳೆಗಳು ದಪ್ಪ ಬಿಳಿ ಗೆರೆಗಳಾಗಿ ಊದಿಕೊಳ್ಳುತ್ತವೆ. ಕುಸುರಿಯೇ ಕಾಣದಿದ್ದರೆ ಆ ಫೋಟೋ ಯಾಕೆ, ಅಲ್ವಾ? ಬಂದೇ ನವಾಜ್ ದರ್ಗಾದ ಬಿಳಿ ಗೋಡೆ, ಬುದ್ಧ ವಿಹಾರ, ಬೀದರ್‌ನ ಗುರುದ್ವಾರ ಇವುಗಳ ಮುಂದೆ ಇದು ತಿರುಗುಮುರುಗು. ಬಿಳಿ ಜಾಸ್ತಿ ಕಂಡು ಮೀಟರ್ ಬೆಳಕು ಇಳಿಸುತ್ತದೆ, ಮುಖ ಕಪ್ಪಾಗುತ್ತದೆ. ಆಗ ನೀವು ಬೆಳಕು ಏರಿಸಲು ಎಕ್ಸ್‌ಪೋಜರ್ ಕಾಂಪೆನ್ಸೇಷನ್‌ನಲ್ಲಿ ಪ್ಲಸ್ ಒಂದು ಹಾಕುತ್ತೀರಿ. ಅದನ್ನು ಹಾಗೇ ಬಿಟ್ಟು ಹೊಲಕ್ಕೆ ಹೋದರೆ ಎರಡು ತಪ್ಪು ಸೇರಿ ಫೋಟೋ ಪೂರ್ತಿ ಹಾಳು.

ಕಮಾನುಗಳೂ ಹೀಗೇ ಮೋಸ ಮಾಡುತ್ತವೆ. ಕಲಬುರಗಿ ಕೋಟೆಯ ಒಳಗೆ 1367ರ ಜಾಮಾ ಮಸೀದಿ ಇದೆ. ಬೇರೆ ಮಸೀದಿಗಳಂತೆ ಅಲ್ಲಿ ತೆರೆದ ಅಂಗಳ ಇಲ್ಲ, ಇಡೀ ಜಾಗಕ್ಕೆ ಚಾವಣಿ ಇದೆ. ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಒಳಗಿನ ನೆರಳಲ್ಲಿ ನಿಂತು ಹೊರಗೆ ಬಿಸಿಲಲ್ಲಿ ನಿಂತವರ ಫೋಟೋ ತೆಗೆದರೆ ಮೀಟರ್ ಕತ್ತಲನ್ನು ನಂಬಿ ಹೊರಗಿನವರನ್ನು ಸುಡುತ್ತದೆ.

ಮದ್ದು: ಫೋನಿನಲ್ಲಿ ಬೆಳಕು ಬಿದ್ದ ಮುಖದ ಮೇಲೆ ಬೆರಳಿಟ್ಟು ಮುಟ್ಟಿ. ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತದೆ, ಹಣೆಯ ಹೊಳಪು ಇಳಿಯುವ ತನಕ ಅದನ್ನು ಕೆಳಗೆ ಎಳೆಯಿರಿ. ಬೆರಳು ಒತ್ತಿ ಹಿಡಿದರೆ ಅದು ಲಾಕ್ ಆಗುತ್ತದೆ, ಅಷ್ಟರಲ್ಲಿ ಜನ ಸರಿದಾಡಿದರೂ ಬೆಳಕು ಬದಲಾಗುವುದಿಲ್ಲ. ಕ್ಯಾಮೆರಾ ಆದರೆ ಎರೆ ಹೊಲದಲ್ಲಿ ಮೈನಸ್ ಒಂದರಿಂದ ಶುರು ಮಾಡಿ. ಒಂದೇ ಚುಕ್ಕೆಯ ಬೆಳಕು ಅಳೆಯುವ ಸ್ಪಾಟ್ ಮೀಟರಿಂಗ್ ಹಾಕಿದ್ದರೆ ಆ ಚುಕ್ಕೆ ಎಲ್ಲಿ ಕೂತಿದೆ ನೋಡಿ. ಅದು ಕಪ್ಪು ಕೂದಲ ಮೇಲೆ ಬಿದ್ದರೆ ಕೆನ್ನೆ ಸುಡುತ್ತದೆ.

ಫೋಟೋ ಪೂರ್ತಿ ಬಿಳಿ, ನೆರಳು ಕೂಡ ತಿಳಿ

ಇಲ್ಲಿ ಮೀಟರಿನ ತಪ್ಪಿಲ್ಲ. ಯಾವುದೋ ಸೆಟ್ಟಿಂಗ್ ಬಿಸಿಲಿಗೆ ಹೊಂದಿಲ್ಲ. ಗ್ಯಾಲರಿಯಲ್ಲಿ ಫೋಟೋದ ವಿವರ ತೆರೆದರೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಅಳತೆ), ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಶಟರ್ (ಬೆಳಕು ಒಳಗೆ ಬೀಳುವ ಹೊತ್ತು) ಮೂರೂ ಕಾಣುತ್ತವೆ. ಅವನ್ನು ಒಂದು ಹಳೆಯ ಸೂತ್ರದ ಜೊತೆ ಹೋಲಿಸಿ. ತೆರೆದ ಬಿಸಿಲಲ್ಲಿ ಎಫ್ 16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಯಷ್ಟೇ ಇರಬೇಕು. ಅಂದರೆ ಐಎಸ್‌ಒ 100ಕ್ಕೆ 1/100 ಸೆಕೆಂಡ್. ಅಪರ್ಚರ್ ಒಂದೊಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ತೆರೆದಂತೆ ಶಟರ್ ಎರಡು ಪಟ್ಟು ಚುರುಕಾಗಬೇಕು: ಎಫ್ 8ಕ್ಕೆ 1/400, ಎಫ್ 4ಕ್ಕೆ 1/1600, ಎಫ್ 2.8ಕ್ಕೆ 1/3200.

ಹಿಂದಿನ ರಾತ್ರಿ ಮೆರವಣಿಗೆಗೆ ಐಎಸ್‌ಒ 1600 ಇಟ್ಟಿದ್ದೀರಿ ಎನ್ನಿ. ಮರುದಿನ ಅಕ್ಕಿಕಾಳು ಮುಗಿದು ಮದುಮಕ್ಕಳು ಅಂಗಳಕ್ಕೆ ಬರುತ್ತಾರೆ. ಎಫ್ 2.8ರಲ್ಲಿ ಇದಕ್ಕೆ ಬೇಕಾದ ಶಟರ್ 1/51,200. ತುಂಬಾ ಕ್ಯಾಮೆರಾಗಳ ಮೆಕ್ಯಾನಿಕಲ್ ಶಟರ್ 1/4000ಕ್ಕೇ ನಿಲ್ಲುತ್ತದೆ, ಕೆಲವು 1/8000ಕ್ಕೆ. ಉಳಿದ ಬೆಳಕೆಲ್ಲ ಫೋಟೋ ಮೇಲೆ ಬೀಳುತ್ತದೆ. ವಿವರದಲ್ಲಿ ಶಟರ್ 1/4000 ಎಂದು ಬಂದು, ಎಲ್ಲ ಫೋಟೋಗಳಲ್ಲೂ ಅದೇ ಅಂಕಿ ಕಂಡರೆ ಇದೇ ಕಾರಣ. ಐಎಸ್‌ಒ 100ಕ್ಕೆ ಇಳಿಸಿ, ಅಪರ್ಚರ್ ಎಫ್ 8ಕ್ಕೆ ತನ್ನಿ.

ಫ್ಲಾಶ್ ಹಾಕಿದ್ದರೆ ಮಿತಿ ಇನ್ನೂ ಕೆಳಗೆ. ಸಾಮಾನ್ಯವಾಗಿ 1/200 ಅಥವಾ 1/250ಕ್ಕಿಂತ ಚುರುಕಾಗಿ ಕ್ಯಾಮೆರಾ ಹೋಗುವುದಿಲ್ಲ. ಎಫ್ 2.8, ಐಎಸ್‌ಒ 100, 1/200 ಎಂದರೆ ನಾಲ್ಕು ಸ್ಟಾಪ್ ಜಾಸ್ತಿ, ಅದನ್ನು ಉಳಿಸುವುದು ಕಷ್ಟ. ಬಿಸಿಲಲ್ಲಿ ಫ್ಲಾಶ್ ಬೇಕೆಂದರೆ ಎಫ್ 11 ಇಡಿ, ಇಲ್ಲವೇ ಈ ಮಿತಿ ದಾಟಲು ಬಿಡುವ ಹೈ ಸ್ಪೀಡ್ ಸಿಂಕ್ ಹಾಕಿ. ಹಿನ್ನೆಲೆ ಮಸುಕಾಗಿಯೇ ಬರಬೇಕು ಎನ್ನುವವರಿಗೆ ನಾಲ್ಕು ಸ್ಟಾಪಿನ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ದಾರಿ.

ಬೆಳ್ಳಗಿದೆ, ಆದರೆ ಸುಟ್ಟಿಲ್ಲ

ಫೋಟೋದ ಅತಿ ಕಪ್ಪು ಜಾಗ ಹುಡುಕಿ. ಕೂದಲು, ಚಪ್ಪಲಿಯ ಕೆಳಗಿನ ನೆರಳು, ಬಾಗಿಲ ಒಳಗಿನ ಕತ್ತಲು. ಅದು ಕಪ್ಪಾಗಿಲ್ಲದೆ ಹಾಲು ಬೆರೆಸಿದ ಬೂದಾಗಿದ್ದರೆ ಲೆನ್ಸ್ ಮೇಲೆ ಅನುಮಾನ ಪಡಿ. ಬೆವರಿನ ಬೆರಳಚ್ಚು, ಧೂಳು, ಹಳೆಯ ಗೀರಿದ ಗಾಜು, ಅದರ ಮೇಲೆ ನೇರ ಬಿಸಿಲು. ಬೆಳಕು ಚೆದುರಿ ಇಡೀ ಫೋಟೋ ಮೇಲೆ ಹರಡುತ್ತದೆ. ಹಿಸ್ಟೋಗ್ರಾಮಿನಲ್ಲಿ ಎಡಗಡೆ ಖಾಲಿ ಇರುತ್ತದೆ, ಬಲಗೋಡೆಗೆ ಏನೂ ತಾಗಿರುವುದಿಲ್ಲ.

ಇದು ಪುಣ್ಯದ ದೋಷ, ಐದು ನಿಮಿಷದಲ್ಲಿ ಸರಿಹೋಗುತ್ತದೆ. ಎಕ್ಸ್‌ಪೋಜರ್ ಮುಟ್ಟಬೇಡಿ. 'ಬ್ಲಾಕ್ಸ್' ಕೆಳಗೆ ಎಳೆಯಿರಿ, ಲೈಟ್‌ರೂಮ್ ಆಪ್ ಇದ್ದರೆ ಮಬ್ಬು ತೆಗೆಯುವ 'ಡಿಹೇಜ್' ಸ್ವಲ್ಪ ಏರಿಸಿ. ಮುಂದಿನ ಸಲ ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ, ಧೂಳು ಇದ್ದರೆ ಮೊದಲು ಊದಿ. ಅಂಗೈಯಿಂದ ಲೆನ್ಸಿಗೆ ನೆರಳು ಮಾಡಿದರೂ ಸಾಕು, ಫೋಟೋಗೆ ಬಣ್ಣ ವಾಪಸ್ ಬಂದದ್ದು ಅಲ್ಲೇ ಕಾಣುತ್ತದೆ.

ಬೀದರ್‌ನ ಕೆಂಪು

ಬೀದರ್ ಕೋಟೆಯ ಮುರಕಲ್ಲು, ಅದರ ಮುಂದೆ ಕೆಂಪು ಸೀರೆ, ಮೇಲೆ ಸಂಜೆ ಬಿಸಿಲು. ಫೋಟೋ ಒಟ್ಟಾರೆ ಸರಿಯಾಗಿಯೇ ಕಾಣುತ್ತದೆ, ಸೀರೆ ಮಾತ್ರ ಬಣ್ಣದ ಕಾಗದ ಅಂಟಿಸಿದಂತೆ. ಜರಿ ಇಲ್ಲ, ನೆರಿಗೆ ಇಲ್ಲ. ಇಲ್ಲಿ ಕೆಂಪು ಅಂಕಿಯೊಂದೇ 255 ಮುಟ್ಟಿದೆ, ಉಳಿದೆರಡು ಕೆಳಗಿವೆ. ಬಿಳಿ-ಕಪ್ಪು ಹಿಸ್ಟೋಗ್ರಾಮ್ ಇದನ್ನು ಹೇಳುವುದಿಲ್ಲ, ಮೂರು ಬಣ್ಣದ್ದನ್ನೇ ತೆರೆದು ನೋಡಬೇಕು. ಸೀರೆಯಲ್ಲಿ ಕೆಂಪಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಮತ್ತು ಲ್ಯೂಮಿನನ್ಸ್ (ಬಣ್ಣದ ಬೆಳಕು) ಎರಡನ್ನೂ ಇಳಿಸಿದರೆ ಹಸಿರು, ನೀಲಿಯಲ್ಲಿ ಉಳಿದ ನೆರಿಗೆ ಮೇಲೆ ಬರುತ್ತದೆ. ಚೆಂಡು ಹೂವಿನ ಹಾರಕ್ಕೂ ಇದೇ ಉಪಾಯ.

ಒಂದು ಸರಿ, ಒಂದು ಬಿಳಿ ಬರುತ್ತಿದ್ದರೆ

ಸೆಟ್ಟಿಂಗ್ ಬದಲಿಸದೆ ತೆಗೆದ ಸಾಲಿನಲ್ಲಿ ಕೆಲವು ಸರಿಯಾಗಿ, ಕೆಲವು ಬೆಳ್ಳಗೆ ಬಂದರೆ ಲೆನ್ಸಿನ ಅಪರ್ಚರ್ ರೆಕ್ಕೆಗಳು ಅಂಟಿಕೊಳ್ಳುತ್ತಿರಬಹುದು. ಹಳೆಯ ಲೆನ್ಸನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಒಳಗಿನ ಎಣ್ಣೆ ತೆಳುವಾಗಿ ರೆಕ್ಕೆಗಳಿಗೆ ಹರಿಯುತ್ತದೆ. ಎಫ್ 16 ಕೇಳಿದರೆ ರೆಕ್ಕೆ ಮುಚ್ಚುವುದರೊಳಗೆ ಫೋಟೋ ಮುಗಿದಿರುತ್ತದೆ. ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಗೆದದ್ದು ಮಾತ್ರ ಪ್ರತಿ ಸಲ ಸರಿ ಬರುತ್ತದೆ, ಗುರುತು ಅದೇ. ನೆರಳಲ್ಲಿ ಕೂತು ಎಫ್ 16, ಒಂದು ಸೆಕೆಂಡ್ ಶಟರ್ ಇಟ್ಟು ಲೆನ್ಸಿನ ಮುಂದಿನಿಂದ ನೋಡುತ್ತ ಒತ್ತಿ. ರೆಕ್ಕೆಗಳು ತಟ್ಟನೆ ಚಿಕ್ಕದಾಗಬೇಕು. ನಿಧಾನಿಸಿದರೆ ರಿಪೇರಿಯವರ ಕೈಗೆ ಕೊಡಿ, ನೀವೇ ಬಿಚ್ಚಬೇಡಿ.

ರಿಪೇರಿ

ಮುಖದಲ್ಲಿ ಜೀವ ಇದೆ ಎಂದು ಗೊತ್ತಾಗಿದೆ. ಈಗ ಮೊದಲು ಹಿಡಿಯಬೇಕಾದದ್ದು 'ಹೈಲೈಟ್ಸ್', 'ಬ್ರೈಟ್‌ನೆಸ್' ಆಮೇಲೆ. ಸ್ನ್ಯಾಪ್‌ಸೀಡ್ ಆಪ್‌ನಲ್ಲಿ 'ಟ್ಯೂನ್ ಇಮೇಜ್' ಒಳಗೆ ಸಿಗುತ್ತದೆ. ಅದನ್ನು ಇಳಿಸಿದರೆ ಬೆಳಕಿನ ಜಾಗ ಮಾತ್ರ ತಗ್ಗುತ್ತದೆ, ನೆರಳು ಹಾಗೇ ಇರುತ್ತದೆ. ಆಮೇಲೂ ಮುಖ ತಿಳಿ ಎನಿಸಿದರೆ 'ಸೆಲೆಕ್ಟಿವ್' ತೆರೆದು ಕೆನ್ನೆಯ ಮೇಲೆ ಚುಕ್ಕೆ ಇಟ್ಟು, ವೃತ್ತವನ್ನು ಮುಖದಷ್ಟೇ ಮಾಡಿ, ಅಲ್ಲಿನ ಬ್ರೈಟ್‌ನೆಸ್ ಇಳಿಸಿ. ಇಡೀ ಫೋಟೋ ಕತ್ತಲು ಮಾಡಿದರೆ ಕಣ್ಣಿನ ಗುಳಿಗಳು ಮಸಿ ಬಳಿದಂತಾಗುತ್ತವೆ. ಆದ್ದರಿಂದ ಜಾಗ ನೋಡಿ ಮಾಡುವುದೇ ಒಳ್ಳೆಯದು. 'ಎಚ್‌ಡಿಆರ್' ಎಂದಿರುವ ಫಿಲ್ಟರ್ ಹಾಕಬೇಡಿ ಎನ್ನುವುದು ನನ್ನ ಕೋರಿಕೆ. ಅದು ಅಜ್ಜಿಯ ಮುಖದ ಪ್ರತಿ ಸುಕ್ಕನ್ನೂ ಗೀರಿ ಬರೆಯುತ್ತದೆ, ತಲೆಯ ಸುತ್ತ ಬೆಳಕಿನ ಬಳೆ ಮೂಡಿಸುತ್ತದೆ.

ಕಂಪ್ಯೂಟರ್ ಇದ್ದರೆ ಗಿಂಪ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ. ಲೇಯರಿನ (ಫೋಟೋದ ಪದರ) ನಕಲು ಮಾಡಿ, ಅದರ ಮೋಡನ್ನು 'ಮಲ್ಟಿಪ್ಲೈ' ಎಂದು ಬದಲಿಸಿ. ಫೋಟೋ ಗಾಢವಾಗುತ್ತದೆ. ಆ ಲೇಯರನ್ನು ಮರೆಮಾಡುವ ಕಪ್ಪು ಮಾಸ್ಕ್ ಹಾಕಿ, ಮೆತ್ತನೆಯ ಬಿಳಿ ಬ್ರಷ್ಷಿನಿಂದ ತಿಳಿಯಾದ ಜಾಗಕ್ಕಷ್ಟೇ ಬಳಿಯಿರಿ. ಜಾಸ್ತಿ ಆದರೆ ಲೇಯರಿನ ಒಪಾಸಿಟಿ (ಪದರದ ದಟ್ಟತೆ) ಇಳಿಸಿ.

ಹೊಳಪು ಇಳಿದ ಮೇಲೆ ಚರ್ಮ ಹಳದಿಯಾಗಿ ಕಾಣುವುದುಂಟು. ಚರ್ಮದಲ್ಲಿ ಕೆಂಪು ಮೊದಲು 255 ಮುಟ್ಟಿ ನಿಲ್ಲುತ್ತದೆ, ಹಸಿರು ಏರುತ್ತಲೇ ಹೋಗುತ್ತದೆ, ಅದರಿಂದ ಈ ಹಳದಿ. ಅದೇ ಮುಖದ ನೆರಳಿನ ಕಡೆಯ ಕೆನ್ನೆಯಿಂದ ಬಣ್ಣ ಎತ್ತಿಕೊಂಡು, ಹೊಸ ಲೇಯರಿನಲ್ಲಿ 'ಕಲರ್' ಮೋಡ್ ಇಟ್ಟು, ಕಡಿಮೆ ಒಪಾಸಿಟಿಯಲ್ಲಿ ಹಣೆಯ ಮೇಲೆ ಸವರಿ. ಮೈಬಣ್ಣ ಅವರದ್ದೇ ಇರಬೇಕು, ನೆರಳಿನ ಕೆನ್ನೆ ಅದಕ್ಕೆ ಸಾಕ್ಷಿ. ರಿಪೇರಿ ಹೆಸರಿನಲ್ಲಿ ಯಾರನ್ನೂ ಬೆಳ್ಳಗೆ ಮಾಡಬೇಡಿ.

ರಾ ಫೈಲ್ (ಜೆಪೆಗ್ ಮಾಡುವ ಮೊದಲಿನ, ಸೆನ್ಸರಿನ ಹಸಿ ಮಾಹಿತಿ) ಇದ್ದರೆ ಅವಕಾಶ ಹೆಚ್ಚು. ಒಂದು ಸ್ಟಾಪ್ ಸುಲಭವಾಗಿ ಬರುತ್ತದೆ, ಕೆಲವೊಮ್ಮೆ ಎರಡರ ತನಕ. ಡಾರ್ಕ್‌ಟೇಬಲ್, ರಾಥೆರಪಿ ಎಂಬ ಎರಡು ಸಾಫ್ಟ್‌ವೇರ್‌ಗಳಲ್ಲೂ ಸುಟ್ಟ ಹೈಲೈಟನ್ನು ಉಳಿದ ಬಣ್ಣಗಳಿಂದ ಕಟ್ಟಿಕೊಡುವ ಸಾಧನ ಇದೆ. ತುಂಬಾ ಫೋನುಗಳಲ್ಲೂ ಪ್ರೋ ಮೋಡ್ ಒಳಗೆ ರಾ ಸಿಗುತ್ತದೆ.

ಸತ್ತ ಜಾಗವನ್ನು ಬೂದು ಮಾಡಿ 'ಬಿಳಿ ಹೋಯಿತು' ಎಂದು ಸಮಾಧಾನ ಪಡಬೇಡಿ. ಬೂದು ಹಣೆ ಬಿಳಿ ಹಣೆಗಿಂತ ಕೆಟ್ಟದಾಗಿ ಕಾಣುತ್ತದೆ. ಸಾಧ್ಯವಾದರೆ ಕತ್ತರಿಸಿ ತೆಗೆಯಿರಿ, ಇಲ್ಲವೇ ಫೋಟೋವನ್ನು ಕಪ್ಪು-ಬಿಳುಪು ಮಾಡಿ. ಕಪ್ಪು-ಬಿಳುಪಿನಲ್ಲಿ ಕಣ್ಣು ಗಟ್ಟಿ ಬಿಳುಪನ್ನು ಬಿಸಿಲು ಎಂದೇ ಒಪ್ಪಿಕೊಳ್ಳುತ್ತದೆ.

ಮತ್ತೆ ತೆಗೆಯುವ ಅವಕಾಶ ಇದ್ದರೆ

ಮೇ 10ರ ಆಸುಪಾಸಿನಲ್ಲಿ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಯಾದಗಿರಿಗೆ ಒಂದೆರಡು ದಿನ ಮೊದಲು, ಬೀದರ್‌ಗೆ ಒಂದೆರಡು ದಿನ ಆಮೇಲೆ. ಹೊತ್ತು ಸುಮಾರು 12 ಗಂಟೆ 20 ನಿಮಿಷ. ಆಗ ಒಂದೇ ಮುಖದಲ್ಲಿ ಹಣೆ ಮತ್ತು ಮೂಗು ಸುಡುತ್ತವೆ, ಕಣ್ಣು ಕಪ್ಪು ಗುಳಿಯಾಗುತ್ತವೆ. ಯಾವ ಸೆಟ್ಟಿಂಗ್ ಕೂಡ ಎರಡನ್ನೂ ಉಳಿಸದು. ಜಾಗ ಬದಲಿಸುವುದೊಂದೇ ದಾರಿ.

ಬೇವಿನ ಮರದ ಕೆಳಗೆ ಹೋಗಿ, ಆದರೆ ಎಲೆಗಳ ನಡುವೆ ಬಿಸಿಲ ಚುಕ್ಕೆ ಮುಖದ ಮೇಲೆ ಬೀಳದಂತೆ ನೋಡಿ. ಆ ಒಂದು ಚುಕ್ಕೆ ಫೋಟೋ ಕೆಡಿಸುತ್ತದೆ. ನನಗೆ ಅದಕ್ಕಿಂತ ಇಷ್ಟ, ಗೋಡೆಯ ಗಟ್ಟಿ ನೆರಳು. ಬೀದರ್‌ನ ಮಹಮೂದ್ ಗವಾನ್ ಮದರಸಾದ ಎತ್ತರದ ಗೋಡೆ ಮಧ್ಯಾಹ್ನ ಸರಿದಂತೆ ಒಳ್ಳೆಯ ನೆರಳು ಕೊಡುತ್ತದೆ. ಮನೆಯಲ್ಲಾದರೆ ಪಡಸಾಲೆಯ ಅಂಚಿಗೆ ನಿಲ್ಲಿಸಿ, ಮುಖ ಅಂಗಳದ ಕಡೆ ಇರಲಿ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಇನ್ನೂ ಚೆನ್ನ. ಬಿಸಿಲು ಕಲ್ಲಿಗೆ ಬಿದ್ದು ಕೆಳಗಿನಿಂದ ಮೆತ್ತಗೆ ಮುಖಕ್ಕೆ ಚಿಮ್ಮುತ್ತದೆ, ಕಣ್ಣಿನ ಗುಳಿ ತುಂಬುತ್ತದೆ. ಬಯಲಲ್ಲಿ ನೆರಳೇ ಇಲ್ಲದಿದ್ದರೆ ಇಬ್ಬರು ಒಂದು ತೆಳು ಬಿಳಿ ಧೋತರ ಬಿಡಿಸಿ ತಲೆಯ ಮೇಲೆ ಹಿಡಿಯಲಿ. ಅದೂ ಆಗದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಮುಖಕ್ಕೆ ಮೀಟರ್ ಮಾಡಿ. ಹಿಂದಿನದು ಬಿಳಿಯಾದರೆ ಆಗಲಿ.

ಹಳೆಯ ಆಲ್ಬಮಿನ ಫೋಟೋ

ರೀಲ್ ಕಾಲದ ಪ್ರಿಂಟ್ ಬೆಳ್ಳಗಿದ್ದರೆ ಆಸೆ ಬಿಡಬೇಡಿ. ಕಲರ್ ನೆಗೆಟಿವ್ ಎರಡು ಮೂರು ಸ್ಟಾಪ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ. ಪ್ರಿಂಟ್ ಹಾಕುವಾಗ ಬೆಳಕು ತಪ್ಪಿದ್ದರೂ ಮುಖ ನೆಗೆಟಿವ್‌ನಲ್ಲಿ ಇರುವ ಸಾಧ್ಯತೆ ದೊಡ್ಡದು. ಟ್ರಂಕಿನಲ್ಲಿ, ಆಲ್ಬಮಿನ ಹಿಂದಿನ ಜೇಬಿನಲ್ಲಿ ಹುಡುಕಿ. ಸಿಕ್ಕ ಪಟ್ಟಿಯನ್ನು ಅಂಚು ಹಿಡಿದು ಕಿಟಕಿಗೆ ಎತ್ತಿ ನೋಡಿ. ನೆಗೆಟಿವ್‌ನಲ್ಲಿ ಬಿಸಿಲು ಬಿದ್ದ ಮುಖ ಗಾಢವಾಗಿ ಕಾಣುತ್ತದೆ. ಆ ಗಾಢದೊಳಗೆ ಕಣ್ಣು, ಮೂಗು, ಹಣೆಯ ಗೆರೆ ಗುರುತು ಸಿಕ್ಕಿದರೆ ಪ್ರಿಂಟನ್ನು ಪಕ್ಕಕ್ಕಿಟ್ಟು ನೆಗೆಟಿವನ್ನೇ ಸ್ಕ್ಯಾನ್ ಮಾಡಿಸಿ. ಸ್ಕ್ಯಾನ್ ಮಾಡುವವರಿಗೆ 16 ಬಿಟ್ ಟಿಫ್ ಫೈಲ್ (ಜೆಪೆಗ್‌ಗಿಂತ ಹೆಚ್ಚು ಸೂಕ್ಷ್ಮ ವ್ಯತ್ಯಾಸ ಹಿಡಿದಿಡುತ್ತದೆ) ಕೊಡಿ ಎಂದು ಕೇಳಿ, ತಾವಾಗಿ ಬೆಳಕು ಸರಿ ಮಾಡುವುದು ಬೇಡ ಎಂದೂ ಹೇಳಿ. ಆ ಫೈಲ್ ಮನೆಗೆ ತಂದು ಮೇಲೆ ಹೇಳಿದಂತೆ ಹೈಲೈಟ್ಸ್‌ನಿಂದಲೇ ಶುರು ಮಾಡಿ.